ರೈತರ ಮನೆಯ ಸಿಂಕು, ನಮ್ಮ ಮನೆಯ ಕೂಸು

ಮೊದಲು ಸಿಹಿ ಸುದ್ದಿ ಹೇಳಿಬಿಡುತ್ತೇನೆ, ಆಮೇಲೆ ಉಳಿದದ್ದು. ಮೊನ್ನೆ ಬೆಳಿಗ್ಗೆ ನಾನು ನನ್ನ ಮೊಮ್ಮಗಳಿಗೆ ಎಣ್ಣೆ ಹಚ್ಚಿ, ಬಿಸಿನೀರು ಎರೆದು, ಅಂಗಾಲಿಗೆ ಕಾಡಿಗೆ ಬೊಟ್ಟಿಟ್ಟು ತೊಟ್ಟಿಲಿಗೆ ಹಾಕಿದೆ. ನಾನೇ, ನನ್ನ ಈ ಎರಡು ಕೈಗಳಿಂದ. ಅದೂ ನಿಂತುಕೊಂಡು. ಅದೂ ಅಡುಗೆಮನೆಯ ಸಿಂಕಿನಲ್ಲಿ.

ಈಗ ನೀವು ಮೂಗು ಮುರಿಯುತ್ತೀರಿ ಎಂದು ಗೊತ್ತು. ಮುರಿಯಿರಿ, ನನಗೇನೂ ಬೇಸರವಿಲ್ಲ. ಇವರ ಮನೆಯಲ್ಲಿ ಬಚ್ಚಲಿಲ್ಲವೇ ಎಂದು ಕೇಳುತ್ತೀರಿ. ಇದೆ. ಎರಡಿವೆ. ಅದರಲ್ಲಿ ಒಂದಕ್ಕೆ ನಮ್ಮ ಯಜಮಾನರು ಬೆಳಿಗ್ಗೆ ಪೇಪರು ಹಿಡಿದುಕೊಂಡು ಹೋದರೆ ದೇಶದ ಸಮಸ್ಯೆಗಳೆಲ್ಲ ಮುಗಿದ ಮೇಲೆಯೇ ಹೊರಗೆ ಬರುತ್ತಾರೆ, ಆ ಮಾತು ಬಿಡಿ. ನಮ್ಮ ಮನೆಯಲ್ಲಿ ಇಲ್ಲದ್ದು ಬಚ್ಚಲಲ್ಲ, ನನ್ನ ಮೊಣಕಾಲು.

ಕೂಸಿಗೆ ಎರೆಯುವುದೆಂದರೆ ನಮ್ಮ ಕಡೆ ಒಂದು ಪದ್ಧತಿ ಇದೆ. ಅಜ್ಜಿಯಾದವಳು ಬಚ್ಚಲಿನಲ್ಲಿ ಮಣೆಯ ಮೇಲೆ ಕೂತು, ಸೀರೆ ಮೊಣಕಾಲ ಮೇಲಕ್ಕೆ ಸರಿಸಿ, ಎರಡೂ ಕಾಲು ಮುಂದೆ ಚಾಚಬೇಕು. ಆ ಎರಡು ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸು ಮಲಗಬೇಕು. ಅದಕ್ಕಿಂತ ಒಳ್ಳೆಯ ತೊಟ್ಟಿಯನ್ನು ಯಾವ ಕಂಪನಿಯೂ ಇನ್ನೂ ಮಾಡಿಲ್ಲ. ಹುಮನಾಬಾದ ಕಡೆಯ ನಮ್ಮ ಹಳ್ಳಿಯಲ್ಲಿ ನಮ್ಮವ್ವ ಓಣಿಯ ಅರ್ಧ ಕೂಸುಗಳಿಗೆ ಹೀಗೆಯೇ ಎರೆದವಳು. ಔಡಲೆಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ತಲೆಯನ್ನು ಅಂಗೈಯಿಂದ ಒತ್ತಿ ಗುಂಡಗೆ ಮಾಡಿ, ಮೂಗನ್ನು ಎರಡು ಬೆರಳಿನಲ್ಲಿ ತೀಡಿ ನೆಟ್ಟಗೆ ಮಾಡುವಳು. ಓಣಿಯ ಮಂದಿಯ ಮೂಗುಗಳೆಲ್ಲ ಸಂಪಿಗೆಯ ಹಾಗೆ ಎದ್ದು ನಿಂತವು. ನನ್ನ ಮೂಗು ನೋಡಿದರೆ ಮಾತ್ರ, ನನಗೆ ಎರೆಯುವಾಗ ಅವಳು ಯಾರೊಂದಿಗೋ ಮಾತಾಡುತ್ತಿದ್ದಳು ಅನ್ನಿಸುತ್ತದೆ.

ನಾನು ಶಾಲೆ ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ. ಬಿಡಿಸಿದ್ದೂ ಒಂದು ಕೂಸೇ. ತಮ್ಮ ಹುಟ್ಟಿದ, ಅವನನ್ನು ಎತ್ತಿಕೊಳ್ಳುವವರು ಬೇಕಾಗಿತ್ತು, ನನ್ನ ಸೊಂಟ ಖಾಲಿ ಇತ್ತು. ಪಾಟಿಯ ಬದಲು ತಮ್ಮ ಬಂದು ಕೂತ. ಅಲ್ಲಿಂದ ಶುರುವಾಯಿತು ನೋಡಿ ನನ್ನ ದೊಡ್ಡ ಓದು. ತಮ್ಮನಿಗೆ ಎರೆದೆ, ಮದುವೆಯಾಗಿ ಹೈದರಾಬಾದಿಗೆ ಬಂದು ನಾಚಾರಂನ ಈ ಕಾಲೊನಿಯಲ್ಲಿ ನನ್ನ ಮಗನಿಗೆ ಎರೆದೆ, ಅಕ್ಕಪಕ್ಕದ ತೆಲುಗಿನವರ, ಮರಾಠಿಯವರ ಕೂಸುಗಳಿಗೂ ಎರೆದೆ. ಅವೆಲ್ಲ ಈಗ ಗಡ್ಡ ಬಿಟ್ಟುಕೊಂಡು ಬೈಕಿನ ಮೇಲೆ ಹೋಗುತ್ತವೆ, ನನ್ನನ್ನು ನೋಡಿ ಹಾರ್ನು ಹೊಡೆಯುತ್ತವೆ. ಅವುಗಳ ಬೆನ್ನ ಮೇಲೆ ಎಲ್ಲೆಲ್ಲಿ ಮಚ್ಚೆ ಇದೆ ಎಂದು ನನಗೆ ಗೊತ್ತಿರುವುದು ಅವುಗಳಿಗೆ ಗೊತ್ತಿಲ್ಲ, ಅದೇ ಅವುಗಳ ಪುಣ್ಯ. ಒಟ್ಟಿನಲ್ಲಿ, ಈ ಮನೆಯಲ್ಲಿ ಎಲ್ಲರಿಗೂ ಒಂದೊಂದು ಡಿಗ್ರಿ ಇದೆ. ನನ್ನ ಡಿಗ್ರಿ ಇದೊಂದೇ.

ಸ್ವಂತ ಮೊಮ್ಮಗಳು ಹುಟ್ಟುವ ಹೊತ್ತಿಗೆ ಸರಿಯಾಗಿ ಮೊಣಕಾಲು ಹೋದವು. ಡಾಕ್ಟರು ಎರಡನ್ನೂ ಕೊಯ್ದು ಒಳಗೆ ಸ್ಟೀಲು ಕೂಡಿಸಿದರು. ಇನ್ನು ಮೇಲೆ ಓಡಾಡಬಹುದು, ನೆಲದ ಮೇಲೆ ಕೂಡುವುದು ಮಾತ್ರ ಮರೆತುಬಿಡಿ ಎಂದು ನಗುನಗುತ್ತ ಹೇಳಿದರು. ಯಾಕೆ ನಗಬಾರದು, ಅವರ ಮೊಮ್ಮಗಳೇನು ಕಾಯುತ್ತಿರಲಿಲ್ಲವಲ್ಲ.

ಮೊದಲ ಬಾಣಂತನ ತವರುಮನೆಯದು. ಸೊಸೆ ಶೈಲಾಳ ತವರು ರಾಯಚೂರು. ಅಲ್ಲಿ ನಮ್ಮ ಬೀಗತಿ, ಅಂದರೆ ಶೈಲಾಳ ತಾಯಿ, ನನ್ನ ವಯಸ್ಸಿನವಳೇ. ಆದರೆ ಮೊಣಕಾಲು ದೇವರು ಕೊಟ್ಟದ್ದು. ದಿನಾ ಬೆಳಿಗ್ಗೆ ಕಾಲು ಚಾಚಿ ಕೂಸಿಗೆ ಎರೆದು, ಅದನ್ನು ವಿಡಿಯೊ ಮಾಡಿಸಿ ನನ್ನ ಫೋನಿಗೆ ಕಳಿಸುವಳು. ಎಂಥ ಉಪಕಾರ. ನಾನು ಚಹಾ ಕುಡಿಯುತ್ತ ಕುರ್ಚಿಯಲ್ಲಿ ಕೂತು ನನ್ನ ಮೊಮ್ಮಗಳ ಸ್ನಾನವನ್ನು ಸಿನಿಮಾ ನೋಡಿದ ಹಾಗೆ ನೋಡುವುದು. ಕಡೆಗೆ ಆಕೆಯ ಮಾತು ಬೇರೆ:

“ನೋಡ್ರಿ ಬೀಗತಿಯಾರ, ನಿಮ್ಮ ಮೊಮ್ಮಗಳು ಪಿಟ್ ಅನ್ನಂಗಿಲ್ಲ. ನಿಮಗ ಪಾಪ ಕೆಳಗ ಕುಂದ್ರಾಕ ಬರಂಗಿಲ್ಲ. ಅಲ್ಲಿಗೆ ಬಂದ ಮ್ಯಾಲ ಯಾರರ ಒಬ್ಬಾಕಿನ್ನ ಎರಿಯಾಕ ಹಚ್ಚಿಬಿಡ್ರಿ.”

ಆ ‘ಪಾಪ’ ಎಂಬುದನ್ನು ಎಷ್ಟು ಮೆತ್ತಗೆ ಹೇಳಿದಳೆಂದರೆ, ಆಪರೇಷನ್ ಮಾಡಿದ ಡಾಕ್ಟರಿಗೂ ಅಷ್ಟು ಹಗುರ ಕೈ ಇರಲಿಲ್ಲ.

ಕೂಸಿನ ಹೆಸರು ಐರಾ. ಹಾಗೆಂದರೇನು ಎಂದು ಕೇಳಿದೆ. ಭೂಮಿ ಎಂದು ಒಬ್ಬರು, ಗಾಳಿ ಎಂದು ಒಬ್ಬರು, ಸರಸ್ವತಿ ಎಂದು ಮಗ. ಮೂರರಲ್ಲಿ ಯಾವುದು ನಿಜವೋ, ಇಟ್ಟವರಿಗೇ ಖಾತ್ರಿ ಇಲ್ಲ. ನಾನು ಐರವ್ವ ಎನ್ನುತ್ತೇನೆ. ‘ಅವ್ವ’ ಹಚ್ಚಿದ ಮೇಲೆ ಯಾವ ಹೆಸರಾದರೂ ಮನೆಗೆ ಬರುತ್ತದೆ.

ಐರವ್ವ ಐದನೇ ತಿಂಗಳಲ್ಲಿ ತೊಟ್ಟಿಲ ಸಮೇತ ನಮ್ಮ ಮನೆಗೆ ಬರುವುದೆಂದು ಗೊತ್ತಾಯಿತು. ಎರೆಯುವವರು ಯಾರು? ಪಕ್ಕದ ಓಣಿಯಲ್ಲಿ ದುಡ್ಡು ಕೊಟ್ಟರೆ ಎರೆದು ಹೋಗುವ ಹೆಂಗಸೊಬ್ಬಳಿದ್ದಾಳೆ ಎಂದು ಯಜಮಾನರು ಪೇಪರಿನ ಹಿಂದಿನಿಂದ ಸಲಹೆ ಕೊಟ್ಟರು. ಅವರು ಮೂವತ್ತು ವರ್ಷ ಇಲ್ಲಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನಟ್ಟು ಬೋಲ್ಟು ಎಣಿಸಿ ರಿಟೈರಾದವರು. ಯಾವ ಜಾಗಕ್ಕೆ ಯಾವ ಬೋಲ್ಟಾದರೂ ಕೂತೀತೆಂಬ ನಂಬಿಕೆ ಅವರಿಗೆ. ನಾನು ಅವತ್ತು ಅವರ ಚಹಾಕ್ಕೆ ಸಕ್ಕರೆ ಹಾಕಲಿಲ್ಲ.

ಇಂಥ ಹೊತ್ತಿನಲ್ಲಿ ಸೊಸೆಗೆ ಏನು ನೆನಪಾಗಬೇಕು ಹೇಳಿ? ಸಿಂಕು.

ರಾಯಚೂರಿನಲ್ಲಿ ತೊಟ್ಟಿಲ ಪಕ್ಕದಲ್ಲಿ ಮಲಗಿಕೊಂಡೇ ಫೋನಿನಲ್ಲಿ ಹುಡುಕಿ, ಆರಿಸಿ, ತರಿಸಿಬಿಟ್ಟಳು. ಬಾಣಂತಿಗೆ ಬೇರೆ ಕೆಲಸವೇನು. ಮೊದಲಿನ ಸ್ಟೀಲ್ ಸಿಂಕು ಸಣ್ಣದಂತೆ. ಸಣ್ಣದು ನಿಜ. ರೊಟ್ಟಿಯ ಹಿಟ್ಟು ನಾದುವ ಪರಾತವನ್ನು ಅದರಲ್ಲಿ ತೊಳೆಯುವುದೆಂದರೆ ಆಟೊದಲ್ಲಿ ಆನೆ ಕೂಡಿಸಿದ ಹಾಗೆ. ಆದರೂ ಇಷ್ಟು ವರ್ಷ ನಡೆದಿತ್ತಲ್ಲ. ಡಬ್ಬಿ ಬಂತು. ಅದರ ಮೇಲಿನ ಇಂಗ್ಲಿಷನ್ನು ಯಜಮಾನರು ಕನ್ನಡಕ ಏರಿಸಿ ಓದಿ, ‘ಫಾರ್ಮ್‌ಹೌಸ್ ಸಿಂಕ್, ಅಂದರೆ ರೈತರ ಮನೆಯ ಸಿಂಕು’ ಎಂದು ನನಗೆ ಬಿಡಿಸಿ ಹೇಳಿದರು.

ನಾನು ರೈತರ ಮನೆಯಲ್ಲಿಯೇ ಹುಟ್ಟಿದವಳು. ನಮ್ಮ ಮನೆಯ ಸಿಂಕಿಗೆ ನಾಲ್ಕು ಕಾಲು, ಎರಡು ಕೊಂಬು ಇದ್ದವು. ಮುಸುರೆ, ಅಂದರೆ ಉಂಡ ತಟ್ಟೆ, ಅನ್ನ ಹತ್ತಿದ ಗಡಿಗೆ ಎಲ್ಲ ಮೊದಲು ಎಮ್ಮೆಯ ಮುಂದೆ. ಅದು ನೆಕ್ಕಿದ ಮೇಲೆ ತೊಳೆಯುವುದಕ್ಕೆ ಉಳಿದಿರುತ್ತಿದ್ದದ್ದು ಬರೀ ಸಮಾಧಾನ. ಆಮೇಲೆ ಹಿತ್ತಲಿನ ಹಾಸುಗಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಬೂದಿ, ತೆಂಗಿನ ನಾರು ಹಾಕಿ ತಿಕ್ಕಿದರೆ ಹಿತ್ತಾಳೆಯಲ್ಲಿ ನಮ್ಮ ಮುಖ ನಮಗೇ ಕಂಡು ನಾಚಿಕೆಯಾಗುತ್ತಿತ್ತು. ನೀರು ಹರಿದು ಕುಂಬಳದ ಬಳ್ಳಿಗೆ ಹೋಗುತ್ತಿತ್ತು. ಕುಂಬಳಕಾಯಿ ಮತ್ತೆ ಗಡಿಗೆಗೆ ಬರುತ್ತಿತ್ತು. ಈ ಹೈದರಾಬಾದಿನಲ್ಲಿ ಫಾರ್ಮ್‌ಹೌಸು ಎಂದರೆ ಊರ ಹೊರಗೆ ಶ್ರೀಮಂತರು ಭಾನುವಾರ ಹೋಗಿ ಕೇಕು ಕತ್ತರಿಸಿ ಬರುವ ಮನೆ. ಅಂಥ ರೈತರ ಸಿಂಕು ಇದು. ಬೆಳ್ಳಗೆ, ದಪ್ಪಗೆ, ಉಬ್ಬಿದ ಹೊಟ್ಟೆ ಮುಂದೆ ಬಿಟ್ಟುಕೊಂಡು ಸಾಹುಕಾರನ ಹಾಗೆ ಡಬ್ಬಿಯಲ್ಲಿ ಕೂತಿತ್ತು.

ಕೂಡಿಸುವುದಕ್ಕೆ ಯಾದಗಿರಿ ಮೇಸ್ತ್ರಿ ಬಂದ, ಜೊತೆಗೆ ಇಬ್ಬರು. ಮೂವರೂ ಸೇರಿ ಎತ್ತಿದರೆ ಅದು ಮೇಲೇಳುವುದಕ್ಕೆ ಸ್ವಲ್ಪ ಯೋಚನೆ ಮಾಡಿತು. ಇದೇನಮ್ಮಾ, ಇದರಲ್ಲಿ ಕರುವಿಗೆ ಸ್ನಾನ ಮಾಡಿಸುತ್ತೀರಾ ಎಂದು ಆತ ತೆಲುಗಿನಲ್ಲಿ ಕೇಳಿದ. ನಮ್ಮ ಮನೆಯಲ್ಲಿ ಕರುವಿಲ್ಲ, ಅದನ್ನೂ ಸೊಸೆ ಫೋನಿನಲ್ಲಿ ತರಿಸಿಯಾಳು ಎಂದೆ.

ಕೆಲಸವೆಲ್ಲ ರಾಯಚೂರಿನ ಅಪ್ಪಣೆಯಂತೆ ನಡೆಯಿತು. ಮಗ ಮಲ್ಲು ಪಟಾನ್‌ಚೆರು ಕಡೆಯ ಔಷಧದ ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. ಊರಿನ ಈ ತುದಿಯಿಂದ ಆ ತುದಿಗೆ ಕಂಪನಿ ಬಸ್ಸಿನಲ್ಲಿ ಹೋಗಿ ಬರುವುದರಲ್ಲೇ ಅವನ ಅರ್ಧ ಆಯುಷ್ಯ. ಅವತ್ತು ರಜೆ ಹಾಕಿ ಫೋನನ್ನು ಆರತಿ ತಟ್ಟೆಯಂತೆ ಹಿಡಿದುಕೊಂಡು ನಿಂತಿದ್ದ. ಫೋನಿನೊಳಗೆ ಶೈಲಾ. ಕಟ್ಟೆಯ ಗ್ರಾನೈಟು ಕೊಯ್ಯುವ ಮೊದಲು ಫೋನಿನಿಂದ ಅಪ್ಪಣೆಯಾಯಿತು:

“ಅತ್ತಿ, ನೀವು ಕಟ್ಟಿ ಮುಂದ ನೆಟ್ಟಗ ನಿಂದರ್ರಿ. ನಿಮ್ಮ ಸೊಂಟ ಎಲ್ಲಿಗೆ ಬರತೈತಿ, ಇವರು ಗುರುತ ಹಾಕ್ಲಿ.”

ನಿಂತೆ. ಮಗ ಪೆನ್ಸಿಲಿನಿಂದ ಗೋಡೆಗೆ ಗೆರೆ ಹೊಡೆದ. ಎಷ್ಟೋ ದರ್ಜಿಗಳು ನನ್ನ ರವಿಕೆ ಹೊಲಿದಿದ್ದಾರೆ, ಇಷ್ಟು ಚೆಂದ ಅಳತೆ ಒಬ್ಬರೂ ತೆಗೆದಿರಲಿಲ್ಲ. ಆ ಗೆರೆಯಂತೆ ಸಿಂಕನ್ನು ಕಟ್ಟೆಗಿಂತ ಕೆಳಗೆ ಇಳಿಸಿ ಕೂಡಿಸಬೇಕಂತೆ. ಹಾಗೆ ಯಾರೂ ಕೂಡಿಸುವುದಿಲ್ಲ ಎಂದು ಮೇಸ್ತ್ರಿ ಗೊಣಗಿದ. ಯಜಮಾನರು ಮೆಲ್ಲಗೆ ನನ್ನ ಕಿವಿಯಲ್ಲಿ, ಶೈಲಾ ನಿನಗಿಂತ ಒಂದು ಗೇಣು ಎತ್ತರ, ಇಷ್ಟು ಕೆಳಗೆ ಕೂಡಿಸಿದರೆ ಅವಳು ಬಗ್ಗಿ ಬಗ್ಗಿ ಸಾಯಬೇಕು ಎಂದರು. ನನಗೆ ಅಲ್ಲಿಗೆ ಎಲ್ಲ ತಿಳಿಯಿತು. ಅವಳು ಯಾಕೆ ಬಗ್ಗುತ್ತಾಳೆ? ಅಲ್ಲಿ ನಿಲ್ಲುವವಳು ಅವಳಲ್ಲವಲ್ಲ. ಕೂಸಿಗೆ ಎರೆಯುವುದಕ್ಕೆ ಬಾರದ ಮುದುಕಿಗೆ ಭಾಂಡೆ ತಿಕ್ಕುವುದಕ್ಕೆ ಅಳತೆಗೆ ಸರಿಯಾಗಿ ಜಾಗ ಮಾಡಿಕೊಡುತ್ತಿದ್ದಾಳೆ. ಎಷ್ಟು ಕಾಳಜಿ. ಹಾರ ಹಾಕಿ ಉದ್ಘಾಟನೆಗೂ ಕರೆದಾಳು ಎಂದುಕೊಂಡೆ.

ಗ್ರಾನೈಟು ಕೊಯ್ಯುವ ಸದ್ದಿಗೆ ಕಾಲೊನಿಯ ನಾಯಿಗಳೆಲ್ಲ ಬಂದು ಗೇಟಿನ ಮುಂದೆ ಸಭೆ ಸೇರಿದವು. ಬಿಳಿ ಧೂಳು ಅಡುಗೆಮನೆಯನ್ನು ದಾಟಿ ಯಜಮಾನರ ಮೀಸೆಯವರೆಗೆ ಹೋಯಿತು. ಕೆಳಗೆ ಕಬ್ಬಿಣದ ಚೌಕಟ್ಟು ಹಾಕಿ, ಸಿಂಕು ಕೂಡಿಸಿ, ಕೊಕ್ಕರೆಯ ಕುತ್ತಿಗೆಯಂಥ ನಳ ನಿಲ್ಲಿಸಿ, ಸಂದಿಗೆಲ್ಲ ಬಿಳಿ ಗೋಂದು ತುಂಬುವ ಹೊತ್ತಿಗೆ ಸಂಜೆಯಾಯಿತು. ನಾಳೆ ಸಂಜೆಯವರೆಗೆ ಈ ಗೋಂದನ್ನು ಮುಟ್ಟಬೇಡಿ ಎಂದು ಮೇಸ್ತ್ರಿ ಎರಡೆರಡು ಸಲ ಹೇಳಿ ಹೋದ.

ಮಗ ಧೂಳು ತೊಳೆದುಕೊಳ್ಳುವುದಕ್ಕೆ ಹೋದ. ಯಜಮಾನರು ಮೀಸೆ ತೊಳೆದುಕೊಳ್ಳುವುದಕ್ಕೆ ಹೋದರು. ನಾನು, ಸಿಂಕು ಇಬ್ಬರೇ ಉಳಿದೆವು.

ಏನೇ ಸಿಟ್ಟಿರಲಿ, ಹೊಸ ವಸ್ತು ಮನೆಗೆ ಬಂದರೆ ಅರಿಶಿನ ಕುಂಕುಮ ಹಚ್ಚದೆ ಬಿಡುವವಳಲ್ಲ ನಾನು. ಫ್ರಿಜ್ಜಿಗೆ ಹಚ್ಚಿದ್ದೇನೆ, ಮಿಕ್ಸಿಗೆ ಹಚ್ಚಿದ್ದೇನೆ, ಮಗನ ಸ್ಕೂಟರಿಗೆ ಹಚ್ಚಿ ನಿಂಬೆಹಣ್ಣನ್ನೂ ತುಳಿಸಿದ್ದೇನೆ. ಸಿಂಕೇನು ಪಾಪ ಮಾಡಿದೆ? ನಾಳೆ ಕೂಸು ಬರುವ ಮನೆ ಬೇರೆ. ಅರಿಶಿನ ಕಲಸಿ ಸಿಂಕಿನ ನಾಲ್ಕೂ ಮೂಲೆಗೆ ಬೆರಳಿನಿಂದ ಎಳೆದೆ, ನಡುವೆ ಕುಂಕುಮ ಇಟ್ಟೆ, ಊದಿನಕಡ್ಡಿ ಬೆಳಗಿದೆ. ಮೂಲೆಗಳು ಗೋಂದಿನವೇ ಎಂಬುದು ಬೆರಳಿಗೆ ಅಂಟಿದ ಮೇಲೆ ಗೊತ್ತಾಯಿತು.

ಮಗ ಬಂದು ನೋಡಿದ.

“ಯವ್ವಾ, ಅಂವ ಏನ ಹೇಳಿ ಹೋಗ್ಯಾನ?”

“ಮುಟ್ಟಬ್ಯಾಡ ಅಂದಾನ. ಪೂಜಿ ಮಾಡಬ್ಯಾಡ ಅಂದಿಲ್ಲ.”

ಅವನು ಒರೆಸುವುದಕ್ಕೆ ಹೋದ. ಓದಿದವನು ನೋಡಿ, ಒರೆಸುತ್ತಾನೆ. ನಾಲ್ಕು ಮೂಲೆಗೆ ಇದ್ದ ಹಳದಿ ಹಸಿ ಗೋಂದಿನ ಗುಂಟ ಸುತ್ತಲೂ ಓಡಿತು. ಬೆಳ್ಳನೆಯ ಸಿಂಕಿಗೆ ಇಳಕಲ್ ಸೀರೆಯ ಅಂಚಿನಂತೆ ಹಳದಿ ಗೆರೆ. ಯಜಮಾನರು ಬಂದು ಕೈ ಹಿಂದೆ ಕಟ್ಟಿಕೊಂಡು ನೋಡಿ, ಅಂಚು ಆಯಿತು, ಇನ್ನು ಸೆರಗೊಂದು ಬಾಕಿ ಎಂದರು. ಒಣಗಿದ ಮೇಲೆ ಅದು ಜನ್ಮಕ್ಕೂ ಹೋಗುವುದಿಲ್ಲ ಎಂದು ಮೇಸ್ತ್ರಿ ಫೋನಿನಲ್ಲಿ ಸಮಾಧಾನ ಹೇಳಿದ.

ಮರುದಿನ ರೈಲಿನಿಂದ ಶೈಲಾ ಕೂಸನ್ನೆತ್ತಿಕೊಂಡು ಇಳಿದಳು. ಬಾಗಿಲಲ್ಲಿ ಆರತಿ ಬೆಳಗಿ, ಕೆಂಪು ನೀರು ನಿವಾಳಿಸಿ ಒಳಗೆ ಕರೆದುಕೊಂಡೆ. ಐರವ್ವ ನನ್ನ ಮುಖ ನೋಡಿ ಫೋನಿನಲ್ಲಿ ಕಂಡವಳು ಇವಳೇ ಏನು ಎಂಬಂತೆ ಹುಬ್ಬು ಗಂಟಿಕ್ಕಿದಳು. ಶೈಲಾ ನೆಟ್ಟಗೆ ಅಡುಗೆಮನೆಗೆ ನಡೆದಳು. ನಾನು ಹಿಂದೆಯೇ ಹೋದೆ. ಅತ್ತೆಯರು ಸೊಸೆಯರ ಹಿಂದೆ ಹೀಗೆ ಕೈ ಹಿಸುಕಿಕೊಂಡು ಹೋಗುವ ಕಾಲ ಬಂತಲ್ಲ ಎಂದು ನಮ್ಮತ್ತೆ ಮೇಲಿನಿಂದ ನೋಡಿ ಸಂತೋಷಪಟ್ಟಿರಬೇಕು.

ಅವಳು ಹಳದಿ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ನಾನು ಬೈಗುಳಕ್ಕೆ ಕಿವಿ ಸಿದ್ಧ ಮಾಡಿಕೊಂಡೆ.

“ಅತ್ತಿ, ಇದಕ್ಕ ಪೂಜಿ ಆತಲ್ರಿ. ಈಗ ಒಮ್ಮಿಗಿಲೇ ಇದರಾಗ ಮುಸುರಿ ಹೆಂಗ ಹಾಕೂದು?”

ಚುಚ್ಚುತ್ತಿದ್ದಾಳೆ ಎಂದುಕೊಂಡು ನಾನೂ ಬಿಗಿಯಾಗಿ, “ಮತ್ತೇನ ಹಾಕೂದು?” ಎಂದೆ.

“ಐರಾನ್ನ.”

ನನಗೆ ತಕ್ಷಣ ತಿಳಿಯಲಿಲ್ಲ. ನಾಲ್ಕನೇ ಇಯತ್ತೆಯ ತಲೆ. ಅವಳು ಕೂಸನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡು, ನಳ ತಿರುಗಿಸಿ ನೋಡುತ್ತ, ನನ್ನ ಕಡೆ ನೋಡದೆಯೇ ಹೇಳಿದಳು:

“ನನ್ನ ಅಳತಿಗೆ ಕೂಡಿಸಿದ್ರ ಎತ್ತರ ಆಕ್ಕಿತ್ರಿ ಅತ್ತಿ. ನಿಮಗ ಕೂಸಿನ್ನ ಎತ್ತಿ ಇಳಸಾಕ ರಟ್ಟಿ ನೋಯ್ತಾವು.”

ಗೋಡೆಯ ಮೇಲೆ ಪೆನ್ಸಿಲಿನ ಗೆರೆ ಇನ್ನೂ ಇತ್ತು. ಅದನ್ನು ನೋಡಿದೆ. ನೀನು ಮಾಡಿಸಿದ್ದೇ ಸರಿ ಎಂದು ಸೊಸೆಗೆ ಹೇಳಿದೆ. ನನ್ನಂಥವಳಿಗೆ ಇದು ಎಷ್ಟು ಅಪರೂಪವೆಂದರೆ, ನನಗೆ ಜ್ವರ ಬಂದಿದೆಯೇನೋ ಎಂದು ಯಜಮಾನರು ಹಣೆ ಮುಟ್ಟಿ ನೋಡಿದರು.

ಗೋಂದು ಒಣಗಿತು. ಅದರ ಮರುದಿನವೇ ಮೊನ್ನೆ. ಸಿಂಕಿನ ತಳಕ್ಕೆ ದಪ್ಪ ಟವೆಲ್ಲು ಮಡಚಿ ಹಾಸಿದೆವು. ಬಕೀಟಿನಲ್ಲಿ ಹದವಾದ ನೀರು. ಶೈಲಾ ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದಳು: ಮೂಗಿಗೆ ಎಣ್ಣೆ ಬಿಡಬಾರದು, ಕಿವಿಗೆ ಬಿಡಬಾರದು, ಮೂಗು ತೀಡಬಾರದು, ತಲೆ ಒತ್ತಬಾರದು, ಲೋಬಾನದ ಹೊಗೆ ಹಾಕಬಾರದು. ನೀರಾದರೂ ಹಾಕಬಹುದೋ ಎಂದು ಕೇಳಿದೆ. ಹಾಕಬಹುದಂತೆ. ಡಾಕ್ಟರು ದೊಡ್ಡ ಮನಸ್ಸಿನವರು.

ನೀರು ಹಾಕುವ ಕೆಲಸ ಯಜಮಾನರಿಗೆ. ತಂಬಿಗೆ ಹಿಡಿದುಕೊಂಡು ಅಭಿಷೇಕಕ್ಕೆ ನಿಂತ ಪೂಜಾರಿಯ ಹಾಗೆ ನಿಂತರು, ಮೊದಲ ತಂಬಿಗೆಯನ್ನು ಪೂರ್ತಿ ನನ್ನ ಮೊಣಕೈಗೆ ಸುರಿದರು. ನನ್ನ ಎಡಗೈ ಮೇಲೆ ಐರವ್ವನ ಕುತ್ತಿಗೆ. ಐದು ತಿಂಗಳ ಕೂಸು ಎಣ್ಣೆ ಹಚ್ಚಿದರೆ ಮೀನು. ಆದರೆ ಕೈ ಮರೆತಿರಲಿಲ್ಲ. ಹೆಬ್ಬೆರಳು ತಾನಾಗಿಯೇ ಕಂಕುಳ ಕೆಳಗೆ ಹೋಗಿ ಹಿಡಿದುಕೊಂಡಿತು. ಕಾಲು ಚಾಚಲಿಲ್ಲ, ಕೆಳಗೆ ಕೂಡಲಿಲ್ಲ. ಒಳಗಿನ ಸ್ಟೀಲು ನೆಟ್ಟಗೆ ನಿಂತಿತ್ತು. ಡಾಕ್ಟರು ಕೂಡಿಸಿದ್ದು ಇದಕ್ಕೇ ಇರಬೇಕು.

ಬೀಗತಿಯ ಕೈಯಲ್ಲಿ ಪಿಟ್ಟೆನ್ನದ ಮೊಮ್ಮಗಳು ನನ್ನ ಕೈಯಲ್ಲಿ ನಾಚಾರಂ ತುಂಬ ಕೇಳುವಂತೆ ಅತ್ತಳು. ಅಳಲಿ, ಎದೆ ಗಟ್ಟಿಯಾಗುತ್ತದೆ. ಅತ್ತು ಮುಗಿಸಿ ಸುಮ್ಮನಾಗಿ, ನನ್ನನ್ನೇ ನೆಟ್ಟಗೆ ನೋಡುತ್ತ, ನಿಶ್ಚಿಂತೆಯಿಂದ ಆ ಸಾಹುಕಾರನ ಸಿಂಕಿನಲ್ಲಿ ಉಚ್ಚೆ ಹೊಯ್ದಳು. ಇದಕ್ಕಿಂತ ದೊಡ್ಡ ಉದ್ಘಾಟನೆ ಯಾವ ಮಂತ್ರಿಯಿಂದಲೂ ಆಗುತ್ತಿರಲಿಲ್ಲ.

ಶೈಲಾ ವಿಡಿಯೊ ಮಾಡಿ ರಾಯಚೂರಿಗೆ ಕಳಿಸಿದಳು. ಬೀಗತಿ ಮಧ್ಯಾಹ್ನ ಫೋನು ಮಾಡಿ, ಸಿಂಕಿನ ಆಳ ಎಷ್ಟು, ಉದ್ದ ಎಷ್ಟು ಎಂದು ಅಳತೆ ಕೇಳಿದಳು. ಕೂತು ಕೂತು ಆಕೆಗೂ ಸೊಂಟ ಹಿಡಿಯುತ್ತಿದೆಯಂತೆ, ಪಾಪ. ಎರಡನೆಯ ‘ಪಾಪ’ ನನ್ನದು.

ಅಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಾಗಿತ್ತು. ಆದರೆ ಸಂಜೆ ಅಡುಗೆ ಮಾಡಿದೆವು. ಐರವ್ವ ಮನೆಗೆ ಬಂದ ಖುಷಿಗೆ ಗೋಧಿ ಹುಗ್ಗಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ. ಪರಾತ, ಬೋಗುಣಿ, ತಳಕ್ಕೆ ಹುಗ್ಗಿ ಹತ್ತಿದ ದೊಡ್ಡ ಪಾತ್ರೆ, ಎಲ್ಲ ಗುಡ್ಡೆ ಬಿದ್ದವು. ಶೈಲಾ ಪರಾತವನ್ನು ಸಿಂಕಿಗೆ ಇಳಿಸಲು ಹೋದಳು. ನಾನು ಅಡ್ಡ ನಿಂತೆ. ನಾಳೆ ಬೆಳಿಗ್ಗೆ ಕೂಸು ಮಲಗುವ ಜಾಗದಲ್ಲಿ ಇವತ್ತು ಎಂಜಲು ಮುಸುರೆ ಹಾಕುವುದೇ? ಯಜಮಾನರೂ ಅಡ್ಡ ನಿಂತರು, ಅವರ ತಕರಾರು ಬೇರೆ: ಬೆಳಿಗ್ಗೆ ಕೂಸು ಉಚ್ಚೆ ಹೊಯ್ದ ಜಾಗದಲ್ಲಿ ನಾವು ಉಣ್ಣುವ ತಟ್ಟೆ ತೊಳೆಯುವುದೇ? ಮುಸುರೆಯಿಂದ ಸಿಂಕು ಕೆಡುತ್ತದೆಂದು ನಾನು, ಸಿಂಕಿನಿಂದ ತಟ್ಟೆ ಕೆಡುತ್ತದೆಂದು ಅವರು. ನಮ್ಮ ಮದುವೆಯಾದಂದಿನಿಂದ ನಾವಿಬ್ಬರೂ ಒಂದೇ ಕಡೆ ನಿಂತದ್ದು ಇದೇ ಮೊದಲು. ಶೈಲಾ ಪರಾತ ಹಿಡಿದುಕೊಂಡು ನಮ್ಮಿಬ್ಬರ ಮುಖ ನೋಡಿದಳು. ಆಮೇಲೆ ಪರಾತವನ್ನು ಹೊತ್ತು ಹಿಂದಿನ ಸಂದಿಗೆ ನಡೆದಳು. ಅಲ್ಲಿ ಹಳೆಯ ನಳ, ಒಂದು ಹಾಸುಗಲ್ಲು, ಕಾಲು ಮುರಿದ ಒಂದು ಮಣೆ ಇವೆ. ಭಾಂಡೆ ತೊಳೆಯುವುದಕ್ಕೆಂದು ಗ್ರಾನೈಟು ಕೊಯ್ದು ಕೂಡಿಸಿದ ರೈತರ ಮನೆಯ ಸಿಂಕು ಅಡುಗೆಮನೆಯಲ್ಲಿ ಹಳದಿ ಅಂಚಿನೊಂದಿಗೆ ಮಿಂಚುತ್ತ ಕೂತಿತು. ಭಾಂಡೆಗಳೆಲ್ಲ ಹುಮನಾಬಾದಿನ ನಮ್ಮ ಹಿತ್ತಲಿಗೆ ವಾಪಸು ಹೋದವು. ಎಮ್ಮೆಯೊಂದು ಕಡಿಮೆ.

ಮಗ ಪಟಾನ್‌ಚೆರು ಬಸ್ಸಿಳಿದು ಬಂದು, ಕೈಕಾಲು ತೊಳೆದು, ಕಥೆಯೆಲ್ಲ ಕೇಳಿ, ಊಟಕ್ಕೆ ಕೂತ. ಎಲ್ಲರೂ ಕೂತೆವು. ನಾನು ಕುರ್ಚಿಯ ಮೇಲೆ, ಉಳಿದವರು ನನ್ನ ಸುತ್ತ ನೆಲದ ಮೇಲೆ, ನಡುವೆ ತೊಟ್ಟಿಲು. ಸೋಪಿನ ಮತ್ತು ಹುಗ್ಗಿಯ ವಾಸನೆ ಕೂಡಿ ಮನೆಯೆಲ್ಲ ಘಮಘಮ. ಮೊದಲ ತುತ್ತಿಗೆ ಮುಂಚೆ ಶೈಲಾ ಎಲ್ಲರಿಗೂ ಕೇಳುವಂತೆ ಕಾನೂನು ಹೇಳಿದಳು:

“ಮೊದಲ ಯಾರ ಏಳ್ತಾರ, ಅವರ ಹಿಂದಿನ ಕಲ್ಲಿನ ಮ್ಯಾಲ ಕುಂತು ಭಾಂಡಿ ತಿಕ್ಕೂದು. ಅತ್ತಿಯವರನ್ನ ಬಿಟ್ಟು.”

ದಿನಾ ತಟ್ಟೆ ಖಾಲಿಯಾಗುವುದಕ್ಕೂ ಮುಂಚೆ ಟಿವಿ ಕಡೆಗೆ ಏಳುವ ಮಗ ಏಳಲಿಲ್ಲ. ಊಟವಾದ ತಕ್ಷಣ ಕಾಲೊನಿ ಸುತ್ತುವುದಕ್ಕೆ ಹೋಗುವ ಯಜಮಾನರೂ ಏಳಲಿಲ್ಲ. ಕೈ ಒಣಗಿತು. ಮಗ ಕಂಪನಿ ಬಸ್ಸಿನ ಕಥೆ ಹೇಳಿದ, ಶೈಲಾ ರಾಯಚೂರಿನ ಕಥೆ ಹೇಳಿದಳು, ನಾನು ಎಮ್ಮೆಯ ಕಥೆ ಹೇಳಿದೆ. ಐರವ್ವ ಎಚ್ಚರವಾಗಿ ತೊಟ್ಟಿಲಿನಿಂದಲೇ ಕೇಳಿಸಿಕೊಂಡಳು. ಈ ಮನೆಯಲ್ಲಿ ಇಷ್ಟು ಹೊತ್ತು ಎಲ್ಲರೂ ಒಟ್ಟಿಗೆ ಕೂತದ್ದನ್ನು ನಾನಂತೂ ಕಂಡಿರಲಿಲ್ಲ.

ಯಜಮಾನರು ಹಿಂದಿನ ಬಾಗಿಲನ್ನು ನೋಡಿದರು, ಅದರಾಚೆ ಕಲ್ಲಿನ ಮೇಲಿದ್ದ ತಳ ಹತ್ತಿದ ಹುಗ್ಗಿಯ ಪಾತ್ರೆಯನ್ನು ನೋಡಿದರು, ತಟ್ಟೆಯನ್ನು ಮುಂದೆ ಸರಿಸಿದರು.

“ಇನ್ನೊಂದು ರೊಟ್ಟಿ ಹಾಕವಾ” ಎಂದರು.